ಪೂಜ್ಯರ ತಪ್ಪುಗಳನ್ನು ಓದುವ ಬಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಯಕ್ಷಗಾನದ ತಿರುಗಾಟ ಮುಗಿಯುವ ಪತ್ತನಾಜೆಯ ದಿನ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮಂಜೇಶ್ವರಗಳ ಕಡೆ ಮನೆಯ ಚಾವಡಿಗಳಲ್ಲಿಯೂ ದೇವಸ್ಥಾನಗಳಲ್ಲಿಯೂ, ವೇಷ ಕುಣಿತಗಳಿಲ್ಲದೆ ಹಾಡು ಮಾತುಗಳಿಂದಲೇ ಯಕ್ಷಗಾನದ ಕಥೆ ನಡೆಸುವ ತಾಳಮದ್ದಳೆಯ ಕೂಟಗಳು ಆರಂಭವಾಗುತ್ತವೆ. ಆಟಿ ತಿಂಗಳು, ಅಂದರೆ ನೆರೆಯ ಮಲಯಾಳಿಗಳ ಕರ್ಕಾಟಕ ಮಾಸ ಬಂದಿತೆಂದರೆ ರಾಮಾಯಣದ ಪಾರಾಯಣವೂ ಅದಕ್ಕೆ ಸೇರಿಕೊಳ್ಳುತ್ತದೆ. ಇಂತಹ ಕೂಟಗಳಲ್ಲಿ ಕೆಲವು ವರ್ಷ ಅರ್ಥ ಹೇಳಿದ, ಅಂದರೆ ಪಾತ್ರವಾಗಿ ಕುಳಿತು ಮಾತಾಡಿದ, ಅದಕ್ಕಿಂತ ಹೆಚ್ಚು ವರ್ಷ ಚಾಪೆಯ ಮೇಲೆ ಕುಳಿತು ಕೇಳಿದ ನನ್ನೊಡನೆ, ಮಂಗಳ ಹಾಡಿ ಮುಗಿದು ಚಹಾ ಕುಡಿಯುವ ಹೊತ್ತಿಗೆ ಜನರು ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಬಗೆಯವು. ಅವನ್ನೂ, ಆ ಹೊತ್ತಿನಲ್ಲಿ ಹೇಳಲು ಸಮಯ ಸಾಲದೆ ಉಳಿದ ಉತ್ತರಗಳನ್ನೂ ಇಲ್ಲಿ ಬರೆದಿದ್ದೇನೆ.

ಪ್ರಶ್ನೆ: ನಾವು ಪೂಜಿಸುವವರಲ್ಲಿ ತಪ್ಪು ಹುಡುಕುವುದು ಅಪಚಾರವಲ್ಲವೇ?

ಹುಡುಕಬೇಕಾದ ಅಗತ್ಯವೇ ಇಲ್ಲ. ಗ್ರಂಥವೇ ಅದನ್ನು ಎತ್ತಿ ಹೇಳುತ್ತದೆ. ರಾಮನ ಬಾಣ ತಗಲಿ ಬಿದ್ದ ವಾಲಿಯ ಬಾಯಿಂದ ಒಂದು ಇಡೀ ಸರ್ಗದಷ್ಟು ಉದ್ದದ ಆಕ್ಷೇಪವನ್ನು ಹೇಳಿಸಿದವರು ವಾಲ್ಮೀಕಿಗಳೇ ಹೊರತು ಈ ಕಾಲದ ವಿಮರ್ಶಕರಲ್ಲ. ಸ್ತ್ರೀಪರ್ವದಲ್ಲಿ ನೂರು ಮಕ್ಕಳನ್ನು ಕಳೆದುಕೊಂಡ ಗಾಂಧಾರಿಯು ಕೃಷ್ಣನನ್ನು ನೋಡಿ, ತಡೆಯುವ ಶಕ್ತಿಯಿದ್ದೂ ನೀನು ತಡೆಯಲಿಲ್ಲ, ಇಂದಿಗೆ ಮೂವತ್ತಾರನೆಯ ವರ್ಷದಲ್ಲಿ ನಿನ್ನ ಕುಲವೂ ಹೀಗೆಯೇ ತಮ್ಮತಮ್ಮೊಳಗೆ ಬಡಿದಾಡಿ ಅಳಿಯಲಿ ಎಂದು ಶಪಿಸುತ್ತಾಳೆ. ಕೃಷ್ಣನು ಆ ಶಾಪವನ್ನು ನಿವಾರಿಸುವುದಿಲ್ಲ. ಹಾಗೆಯೇ ಆಗುವುದೆಂದು ಒಪ್ಪಿಕೊಳ್ಳುತ್ತಾನೆ. ಆರೋಪವನ್ನು ಕವಿಯು ಬರೆದಿರುವಾಗ, ಆರೋಪಿತನು ಕೇಳಿಸಿಕೊಂಡಿರುವಾಗ, ಕೇಳುವುದಕ್ಕೆ ನಾವು ಅಂಜಿದರೆ ಅದು ಗ್ರಂಥಕ್ಕೆ ತೋರಿಸಿದ ಗೌರವವೆಂದು ನನಗೆ ಅನ್ನಿಸುವುದಿಲ್ಲ.

ಪ್ರಶ್ನೆ: ರಾಮನು ಮರೆಯಲ್ಲಿ ನಿಂತು ವಾಲಿಯನ್ನು ಕೊಂದದ್ದು ಸರಿಯೇ?

ರಾಮಾಯಣದ ಯಕ್ಷಗಾನ ಪ್ರಸಂಗಗಳನ್ನು ಬರೆದ ಕಣಿಪುರದ (ಕುಂಬಳೆಯ) ಪಾರ್ತಿಸುಬ್ಬನ ಊರಿನಲ್ಲಿ ಈ ಪ್ರಶ್ನೆಗೆ ಒಂದು ಮಾತಿನಲ್ಲಿ ಉತ್ತರ ಕೊಟ್ಟು ಎದ್ದು ಹೋಗುವಂತಿಲ್ಲ. ಮೂಲದಲ್ಲಿ ಏನಿದೆ ಎಂಬುದನ್ನು ಮೊದಲು ನೋಡೋಣ.

ಕಿಷ್ಕಿಂಧಾಕಾಂಡದ 17ನೆಯ ಸರ್ಗದಲ್ಲಿ ವಾಲಿಯು, ಬೇರೊಬ್ಬನೊಡನೆ ಕಾದಾಡುತ್ತಿದ್ದ ನನ್ನನ್ನು ಎದುರಿಗೆ ಬಾರದೆ ಹೊಡೆದೆ, ನಿನ್ನ ರಾಜ್ಯಕ್ಕಾಗಲಿ ಪುರಕ್ಕಾಗಲಿ ನಾನು ಯಾವ ಕೇಡನ್ನೂ ಮಾಡಿರಲಿಲ್ಲ, ನನ್ನ ಚರ್ಮ ಉಡುವುದಕ್ಕಾಗದು, ಮಾಂಸ ತಿನ್ನುವುದಕ್ಕಾಗದು, ಸೀತೆ ಬೇಕಾಗಿದ್ದರೆ ನನಗೆ ಹೇಳಿದ್ದರೆ ರಾವಣನ ಕೊರಳಿಗೆ ಕಟ್ಟಿ ಒಂದೇ ದಿನದಲ್ಲಿ ತಂದೊಪ್ಪಿಸುತ್ತಿದ್ದೆ ಎನ್ನುತ್ತಾನೆ. 18ನೆಯ ಸರ್ಗದಲ್ಲಿ ರಾಮನ ಉತ್ತರವಿದೆ. ಈ ಭೂಮಿ ಇಕ್ಷ್ವಾಕುಗಳದು, ಭರತನ ಆಳ್ವಿಕೆಯಲ್ಲಿ ಅಧರ್ಮವನ್ನು ದಂಡಿಸುವ ಅಧಿಕಾರ ನಮಗಿದೆ. ಮಗಳಿಗೆ ಸಮಾನಳಾದ ತಮ್ಮನ ಹೆಂಡತಿ ರುಮೆಯನ್ನು, ತಮ್ಮನು ಬದುಕಿರುವಾಗಲೇ ನೀನು ಇರಿಸಿಕೊಂಡೆ. ಸುಗ್ರೀವನಿಗೆ ನಾನು ಮಾತು ಕೊಟ್ಟಿದ್ದೆ. ಕೊನೆಗೆ, ನೀನು ಶಾಖಾಮೃಗ, ಮೃಗವನ್ನು ಬೇಟೆಗಾರನು ಮರೆಯಿಂದಲೂ ಹೊಡೆಯಬಹುದು.

ಈ ನಾಲ್ಕು ಮಾತುಗಳು ಬಿಡಿಬಿಡಿಯಾಗಿ ಬಲವಾಗಿ ಕಂಡರೂ ಒಟ್ಟಿಗೆ ಇಟ್ಟರೆ ಒಂದನ್ನೊಂದು ತಳ್ಳುತ್ತವೆ. ರುಮೆಯ ವಿಷಯದಲ್ಲಿ ವಾಲಿಯನ್ನು ಮನುಷ್ಯಧರ್ಮದಿಂದ ಅಳೆಯುವುದಾದರೆ ಅವನನ್ನು ಬೇಟೆಯ ಮೃಗವೆನ್ನಲಾಗದು. ಮೃಗವೆನ್ನುವುದಾದರೆ ಸೊಸೆ, ಮಗಳು ಎಂಬ ಅಳತೆ ಅವನಿಗೆ ಸಲ್ಲದು. ಸಾಲದ್ದಕ್ಕೆ, ಮುಂದೆ ಸೀತೆಯನ್ನು ಹುಡುಕುವ ಗಡುವು ಮೀರಿ ವಾನರರು ಹತಾಶರಾಗಿ ಕುಳಿತಾಗ ಅಂಗದನು ಸುಗ್ರೀವನ ಬಗ್ಗೆ ಆಡುವ ಮಾತನ್ನು ಕವಿಯು ಬಿಟ್ಟಿಲ್ಲ: ಅಣ್ಣನು ಬದುಕಿರುವಾಗಲೇ, ಧರ್ಮದಿಂದ ತಾಯಿಗೆ ಸಮಾನಳಾದ ಅವನ ಮಡದಿಯನ್ನು ಸ್ವೀಕರಿಸಿದವನಲ್ಲವೇ ಅವನು ಎಂದು ಅಂಗದನು ಕೇಳುತ್ತಾನೆ. ಅಣ್ಣನು ಗುಹೆಯೊಳಗೆ ಸತ್ತನೆಂದು ನಂಬಿದ್ದೆನೆಂಬುದು ಸುಗ್ರೀವನ ಪರವಾದ ವಾದ, ಇರಬಹುದು. ಆದರೆ ವಾಲಿಗೆ ಮರಣದಂಡನೆಯಾದ ಅಪರಾಧದ ನೆರಳು ಸುಗ್ರೀವನ ಮೇಲೂ ಇದೆಯೆಂಬುದನ್ನು ವಾಲಿಯ ಮಗನಿಂದಲೇ ಹೇಳಿಸಿದ ಕವಿಗೆ ತಾನೇನು ಮಾಡುತ್ತಿದ್ದೇನೆಂಬುದು ತಿಳಿದಿತ್ತು.

ನನ್ನ ಅಭಿಪ್ರಾಯ ಹೀಗಿದೆ. ರಾಮನು ಕೊಟ್ಟ ಮಾತಿಗೆ ಕಟ್ಟುಬಿದ್ದಿದ್ದನು, ಸೀತೆಗಾಗಿ ಅವಸರದಲ್ಲಿದ್ದನು, ಆ ಅವಸರದಲ್ಲಿ ಮಾಡಿದ್ದನ್ನು ಆಮೇಲೆ ಧರ್ಮಶಾಸ್ತ್ರದ ಮಾತುಗಳಿಂದ ಸಮರ್ಥಿಸಿಕೊಂಡನು. ವಾಲಿಯು ಆ ಉತ್ತರವನ್ನು ಒಪ್ಪಿ ಮಗನನ್ನು ರಾಮನ ಕೈಗೆ ಒಪ್ಪಿಸುತ್ತಾನೆ ಎಂಬುದೂ ಗ್ರಂಥದಲ್ಲಿಯೇ ಇದೆ. ಅದನ್ನು ಮುಚ್ಚಿಟ್ಟು ವಾದಿಸುವುದು ನ್ಯಾಯವಲ್ಲ. ಸಾಯುತ್ತಿರುವ ತಂದೆಯೊಬ್ಬನಿಗೆ ಮಗನ ಮುಂದಿನ ಗತಿಗಿಂತ ವಾದದ ಗೆಲುವು ದೊಡ್ಡದಾಗಿರಲಿಲ್ಲ ಎಂದು ನಾನು ಆ ಒಪ್ಪಿಗೆಯನ್ನು ಓದುತ್ತೇನೆ. ನೀವು ಅದನ್ನು ಭಕ್ತಿಯೆಂದು ಓದಿದರೆ ನನ್ನ ತಕರಾರಿಲ್ಲ.

ಪ್ರಶ್ನೆ: ಕೂಟದಲ್ಲಿ ವಾಲಿಯ ಅರ್ಥಧಾರಿಯೇ ಗೆದ್ದಂತೆ ಕಂಡರೆ ಜನರಿಗೆ ತಪ್ಪು ಸಂದೇಶ ಹೋಗುವುದಿಲ್ಲವೇ?

ಹೋಗುವುದಿಲ್ಲ. ಭಾಗವತರು ಹಾಡುವ ಪದಗಳು ನಿಗದಿಯಾಗಿವೆ. ವಾಲಿ ಸಾಯಲೇಬೇಕು, ಪ್ರಸಂಗ ಮುಂದುವರಿಯಲೇಬೇಕು. ಅರ್ಥಧಾರಿಗಿರುವ ಸ್ವಾತಂತ್ರ್ಯ ಎರಡು ಪದಗಳ ನಡುವಿನ ಮಾತಿನಲ್ಲಿ ಮಾತ್ರ. ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿಯನ್ನು ಕೇಳಿದವರು ರಾಮಭಕ್ತಿಯನ್ನು ಬಿಟ್ಟದ್ದನ್ನು ನಾನು ಕಂಡಿಲ್ಲ. ಈ ಕಲೆಯಲ್ಲಿ ನನಗೆ ಬಹಳ ದೊಡ್ಡದಾಗಿ ಕಾಣುವ ಸಂಗತಿಯೇ ಬೇರೆ: ಇಂದು ರಾಮನ ಪರವಾಗಿ ಮಾತಾಡಿದವರು ನಾಳೆ ಇನ್ನೊಂದು ಚಾವಡಿಯಲ್ಲಿ ವಾಲಿಯಾಗಿ ಕುಳಿತು, ನಿನ್ನೆ ತಾವೇ ಕಟ್ಟಿದ ವಾದವನ್ನು ಒಡೆಯಬೇಕಾಗುತ್ತದೆ. ನಾನು ಹಾಗೆ ಎರಡೂ ಕಡೆ ಕುಳಿತವನು. ರಾಮನ ಅರ್ಥ ಹೇಳುವಾಗ ನನಗೆ ಬೆವರಿಳಿಸಿದ್ದು ‘ನಾನೇನು ತಪ್ಪು ಮಾಡಿದೆ’ ಎಂಬ ಸರಳವಾದ ಪ್ರಶ್ನೆಯೇ ಹೊರತು ಎದುರಾಳಿಯ ಪಾಂಡಿತ್ಯವಲ್ಲ.

ಉತ್ತರ ಮಲಬಾರಿನಲ್ಲಿ ಇದೇ ವಾಲಿಯನ್ನು ಬಾಲಿ ತೆಯ್ಯವೆಂಬ ದೈವವಾಗಿ ವೇಷ ಕಟ್ಟಿ, ಎದುರಿಗೆ ನಿಂತು ಕೈಮುಗಿಯುವ ಸಂಪ್ರದಾಯವಿರುವುದನ್ನೂ ಇಲ್ಲಿ ನೆನೆಯಬಹುದು. ಕೊಂದವನಿಗೂ ಕೊಲ್ಲಲ್ಪಟ್ಟವನಿಗೂ ಒಂದೇ ಸೀಮೆಯಲ್ಲಿ ದೀಪ ಉರಿಯುತ್ತದೆ.

ಪ್ರಶ್ನೆ: ಹೆಂಡತಿಯನ್ನು ಪಣವಿಟ್ಟವನಿಗೆ ‘ಧರ್ಮರಾಯ’ ಎಂಬ ಹೆಸರು ಹೇಗೆ ಒಪ್ಪುತ್ತದೆ?

ಮೊಮ್ಮಗಳೊಬ್ಬಳು ನನ್ನನ್ನು ಇದನ್ನೇ ಬೇರೆ ಮಾತಿನಲ್ಲಿ ಕೇಳಿದಳು: ‘ಅಜ್ಜಾ, ಅವಳನ್ನು ಕೇಳಿಯೇ ಪಣ ಇಟ್ಟದ್ದಾ?’ ಮಹಾಭಾರತದ ಸಭಾಪರ್ವದ ತಿರುಳೇ ಆ ಮಾತು. ಕರೆಯಲು ಬಂದ ಪ್ರತಿಕಾಮಿಯನ್ನು ದ್ರೌಪದಿಯು ಹಿಂದಕ್ಕೆ ಕಳುಹಿಸಿ, ರಾಜನು ಮೊದಲು ಸೋತದ್ದು ತನ್ನನ್ನೋ ನನ್ನನ್ನೋ ಎಂದು ಕೇಳಿಸುತ್ತಾಳೆ. ತನ್ನನ್ನೇ ಸೋತು ದಾಸನಾದವನಿಗೆ ಇನ್ನೊಬ್ಬರನ್ನು ಪಣವಿಡುವ ಹಕ್ಕು ಎಲ್ಲಿಂದ ಬಂತು ಎಂಬುದು ಅದರ ಒಳಗಿನ ಮಾತು. ಭೀಷ್ಮರು ಧರ್ಮವು ಸೂಕ್ಷ್ಮವಾದದ್ದು, ನಿನ್ನ ಪ್ರಶ್ನೆಯನ್ನು ಸರಿಯಾಗಿ ಬಿಡಿಸಿ ಹೇಳಲಾರೆ ಎನ್ನುತ್ತಾರೆ. ಅಷ್ಟು ದೊಡ್ಡ ಸಭೆಯಲ್ಲಿ ಆ ಪ್ರಶ್ನೆಗೆ ನೇರವಾದ ಉತ್ತರ ಕೊಟ್ಟವನು ದುರ್ಯೋಧನನ ತಮ್ಮ ವಿಕರ್ಣ. ಬೇಟೆ, ಕುಡಿತ, ಜೂಜು, ಸ್ತ್ರೀವ್ಯಸನಗಳಲ್ಲಿ ಮುಳುಗಿದವನು ಮಾಡಿದ್ದನ್ನು ಮಾಡಿದ್ದೆಂದು ಪರಿಗಣಿಸಬಾರದು, ಅವಳನ್ನು ಗೆದ್ದಂತಾಗಲಿಲ್ಲ ಎಂದು ಅವನು ಹೇಳುತ್ತಾನೆ. ಕರ್ಣನು ಅವನ ಬಾಯಿ ಮುಚ್ಚಿಸುತ್ತಾನೆ.

ಜೂಜಿಗೆ ಕರೆದಾಗ ಕ್ಷತ್ರಿಯನು ಒಲ್ಲೆನೆನ್ನಬಾರದು ಎಂಬ ಸಮರ್ಥನೆಯನ್ನು ನಮ್ಮ ಕೂಟಗಳಲ್ಲಿ ಎಷ್ಟು ಸಾರಿ ಕೇಳಿದ್ದೇನೋ ಲೆಕ್ಕವಿಲ್ಲ. ಆದರೆ ವನಪರ್ವದಲ್ಲಿ ಭೀಮನು ಕಟುವಾಗಿ ಆಡಿದ ಮೇಲೆ ಯುಧಿಷ್ಠಿರನು ಆ ಸಮರ್ಥನೆಯ ಹಿಂದೆ ಅವಿತುಕೊಳ್ಳುವುದಿಲ್ಲ. ದುರ್ಯೋಧನನ ರಾಜ್ಯವನ್ನು ಸೆಳೆದುಕೊಳ್ಳುವ ಬಯಕೆಯಿಂದಲೇ ನಾನು ದಾಳಗಳನ್ನು ಹಿಡಿದೆನೆಂದು ತಾನೇ ಒಪ್ಪಿಕೊಳ್ಳುತ್ತಾನೆ. ಅಭಿಮಾನಿಗಳು ಅವನಿಗಾಗಿ ಕಟ್ಟಿದ ಗೋಡೆಯನ್ನು ಅವನೇ ಒಡೆದಂತಾಯಿತು. ಧರ್ಮರಾಯನೆಂಬ ಹೆಸರು ತಪ್ಪೇ ಮಾಡದವನೆಂದು ಬಂದದ್ದಾದರೆ ಅದು ನಿಲ್ಲದು. ಮಾಡಿದ್ದನ್ನು ಮಾಡಿದೆನೆಂದು ಹೇಳಬಲ್ಲವನೆಂದು ಬಂದದ್ದಾದರೆ ಈ ಒಂದು ಸಂದರ್ಭಕ್ಕಾದರೂ ಒಪ್ಪುತ್ತದೆ.

ಪ್ರಶ್ನೆ: ಅವನಿಗೆ ಆ ತಪ್ಪಿಗೆ ಶಿಕ್ಷೆಯೇ ಆಗಲಿಲ್ಲವಲ್ಲ?

ವನವಾಸವನ್ನು ಬಿಟ್ಟರೂ ಶಿಕ್ಷೆಯಿದೆ. ನಮಗೆ ಅದು ತಲುಪಿಲ್ಲ, ಅಷ್ಟೆ. ಅಶ್ವತ್ಥಾಮನು ಸತ್ತನೆಂದು ಗಟ್ಟಿಯಾಗಿ, ಆನೆ ಎಂಬುದನ್ನು ಮೆಲ್ಲಗೆ ನುಡಿದಾಗ, ಅದುವರೆಗೆ ನೆಲದಿಂದ ನಾಲ್ಕು ಅಂಗುಲ ಮೇಲೆ ಓಡುತ್ತಿದ್ದ ಅವನ ರಥವು ನೆಲಕ್ಕೆ ತಾಗಿತೆಂದು ದ್ರೋಣಪರ್ವ ಹೇಳುತ್ತದೆ. ಸ್ವರ್ಗಾರೋಹಣಪರ್ವದಲ್ಲಿ ಅವನು ಮೊದಲು ಕಾಣುವುದು ಸಿಂಹಾಸನದ ಮೇಲೆ ಬೆಳಗುತ್ತಿರುವ ದುರ್ಯೋಧನನನ್ನು, ಆಮೇಲೆ ಕಾಣುವುದು ನರಕವನ್ನು. ದ್ರೋಣನನ್ನು ಮಗನ ವಿಷಯದಲ್ಲಿ ನೆಪದಿಂದ ವಂಚಿಸಿದೆ, ಆದುದರಿಂದ ನೆಪದಿಂದಲೇ ನಿನಗೆ ನರಕವನ್ನು ತೋರಿಸಲಾಯಿತು ಎಂದು ಇಂದ್ರನು ಅವನಿಗೆ ಹೇಳುತ್ತಾನೆ.

ಗಮಕಿಗಳ ಬಾಯಲ್ಲಿ ಕುಮಾರವ್ಯಾಸನನ್ನು ಕೇಳಿ ಬೆಳೆದ ನಮಗೆ ಇದು ಹೊಸದಾಗಿ ತೋರುವುದಕ್ಕೆ ಕಾರಣವಿದೆ. ಅವನ ಭಾರತ ಹತ್ತು ಪರ್ವಗಳಿಗೆ, ಗದಾಪರ್ವಕ್ಕೆ ಮುಗಿಯುತ್ತದೆ. ಉಳಿದ ಪರ್ವಗಳನ್ನು ಕನ್ನಡಕ್ಕೆ ತಂದವನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ, ಅವನನ್ನು ಓದುವವರು ಕಡಿಮೆ. ಗೆಲುವಿನವರೆಗೆ ಮಾತ್ರ ಕೇಳಿದವರಿಗೆ ಗೆದ್ದವರ ಲೆಕ್ಕಪತ್ರ ಕಾಣಿಸುವುದಿಲ್ಲ.

ಪ್ರಶ್ನೆ: ಒಂದೊಂದು ಗ್ರಂಥ ಒಂದೊಂದು ರೀತಿ ಹೇಳಿದರೆ ಯಾವುದನ್ನು ನಂಬಬೇಕು?

ಅಹಲ್ಯೆಯ ಕಥೆಯನ್ನೇ ತೆಗೆದುಕೊಳ್ಳಿ. ವಾಲ್ಮೀಕಿಯ ಬಾಲಕಾಂಡದಲ್ಲಿ ಮುನಿವೇಷದಲ್ಲಿ ಬಂದವನು ಇಂದ್ರನೆಂದು ಅವಳಿಗೆ ಗೊತ್ತಿತ್ತು; ದೇವರಾಜನೆಂಬ ಕುತೂಹಲದಿಂದ ಅವಳು ಒಪ್ಪಿದಳು. ಅವಳು ಅಲ್ಲಿ ಕಲ್ಲಾಗುವುದಿಲ್ಲ. ಗಾಳಿಯನ್ನೇ ಆಹಾರವಾಗಿಸಿಕೊಂಡು, ಬೂದಿಯ ಮೇಲೆ ಮಲಗಿ, ಯಾರಿಗೂ ಕಾಣಿಸದೆ ಇರಬೇಕೆಂಬುದು ಶಾಪ. ಉತ್ತರಕಾಂಡಕ್ಕೆ ಬರುವಾಗ ಅವಳು ತಿಳಿಯದೆ ಮೋಸಹೋದವಳು. ಕಲ್ಲಾದ ಅಹಲ್ಯೆ ನಮಗೆ ಬೇರೆ ಪರಂಪರೆಗಳಿಂದ ಬಂದವಳು. ಸೀತೆಯ ವಿಷಯದಲ್ಲಿಯೂ ಹಾಗೆಯೇ. ಈ ಜಿಲ್ಲೆಯ ಮಲಯಾಳಿ ಮನೆಗಳಲ್ಲಿ ಕರ್ಕಾಟಕದಲ್ಲಿ ಓದುವ ಅಧ್ಯಾತ್ಮ ರಾಮಾಯಣದಲ್ಲಿ ರಾವಣನು ಒಯ್ದದ್ದು ಮಾಯಾಸೀತೆಯನ್ನು. ಹಾಗಾಗಿ ಅಗ್ನಿಪ್ರವೇಶವು ನಿಜವಾದ ಸೀತೆಯನ್ನು ಮರಳಿ ಪಡೆಯುವ ಉಪಾಯವಾಗುತ್ತದೆ, ರಾಮನ ಕಠಿಣವಾದ ಮಾತಿನ ಮೊನೆ ಮೊಂಡಾಗುತ್ತದೆ. ವಾಲ್ಮೀಕಿಯಲ್ಲಿ ಆ ಮೊನೆ ಹಾಗೆಯೇ ಇದೆ. ಕುವೆಂಪು ಅವರ ಶ್ರೀ ರಾಮಾಯಣ ದರ್ಶನಂನಲ್ಲಿ ಸೀತೆಯ ಹಿಂದೆಯೇ ರಾಮನೂ ಬೆಂಕಿಯನ್ನು ಹೊಗುತ್ತಾನೆ.

ಇವುಗಳಲ್ಲಿ ಒಂದನ್ನು ನಿಜವೆಂದೂ ಉಳಿದವನ್ನು ಸುಳ್ಳೆಂದೂ ತೀರ್ಮಾನಿಸುವ ಬದಲು, ಮುಂದಿನ ಕವಿಗಳು ಎಲ್ಲಿ ಕೈಯಿಟ್ಟು ತಿದ್ದಿದ್ದಾರೆಂಬುದನ್ನು ಗಮನಿಸಿರಿ. ತಿದ್ದಿದ ಜಾಗವೆಲ್ಲ ನೋವಿದ್ದ ಜಾಗವೇ. ನಮಗೆ ಇಂದು ಚುಚ್ಚುವುದು ನಮ್ಮ ಹಿರಿಯರಿಗೂ ಚುಚ್ಚಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಪ್ರಶ್ನೆ: ‘ಆ ಕಾಲದ ಧರ್ಮವೇ ಬೇರೆ’ ಎಂದು ಹೇಳಿ ಮುಗಿಸಬಾರದೇ?

ಕೆಲವೆಡೆ ಹೇಳಬಹುದು, ಆದರೆ ಬಾಯಿಗೆ ಬಂದ ಕೂಡಲೇ ಹೇಳಬಾರದು. ವಿಕರ್ಣನೂ ವಿದುರನೂ ಆ ಕಾಲದವರೇ. ಒಂದೇ ಸಭೆಯಲ್ಲಿ ಕುಳಿತು, ಒಂದೇ ಶಾಸ್ತ್ರವನ್ನು ಓದಿ, ಇದು ಅನ್ಯಾಯವೆಂದು ಹೇಳಿದವರಿದ್ದಾಗ, ಸುಮ್ಮನಿದ್ದವರ ಮೌನವನ್ನು ಕಾಲದ ಮೇಲೆ ಹೊರಿಸಲಾಗದು.

ಇದಕ್ಕಿಂತ ಕಷ್ಟವಾದದ್ದು ಏಕಲವ್ಯನ ಪ್ರಕರಣ. ಅಲ್ಲಿ ಎದ್ದುನಿಂತು ಆಕ್ಷೇಪಿಸುವವರು ಒಬ್ಬರೂ ಇಲ್ಲ. ಬಲಗೈಯ ಹೆಬ್ಬೆರಳನ್ನು ಕೊಟ್ಟ ಮೇಲೆ ಅರ್ಜುನನ ಮನಸ್ಸಿನ ಬೇಗೆ ಇಳಿಯಿತು, ದ್ರೋಣನ ಮಾತು ನಿಜವಾಯಿತು ಎಂದು ಆದಿಪರ್ವವು ಮುಂದಕ್ಕೆ ಹೋಗುತ್ತದೆ. ಆದರೂ ಒಂದು ಶಬ್ದ ಉಳಿದಿದೆ. ಏಕಲವ್ಯನು ಕೇಳಿದ ದ್ರೋಣನ ಆ ಮಾತನ್ನು ಕವಿಯು ‘ದಾರುಣ’ ಎಂದು ಕರೆಯುತ್ತಾನೆ. ಆ ಒಂದು ಶಬ್ದದ ಮೇಲೆ ಇಡೀ ಪ್ರಕರಣವನ್ನು ನಿಲ್ಲಿಸಲಾಗದೆಂದು ಬಲ್ಲೆ. ಗ್ರಂಥವು ಇಷ್ಟು ಮೆಲ್ಲಗೆ ಮಾತಾಡುವಲ್ಲಿ ಓದುವವರೇ ಗಟ್ಟಿಯಾಗಿ ಹೇಳಬೇಕಾಗುತ್ತದೆ: ಕಲಿಸದ ಗುರುವು ಕೇಳಿದ ದಕ್ಷಿಣೆ ಅದು, ಮತ್ತು ಕೇಳಿದ್ದು ಬೇಡರ ಹುಡುಗನೆಂಬ ಕಾರಣಕ್ಕೆ ಕಲಿಸಲೊಲ್ಲೆನೆಂದಿದ್ದ ಗುರು.

ಪ್ರಶ್ನೆ: ಎಲ್ಲವೂ ಪೂರ್ವಜನ್ಮದ ಶಾಪ, ದೇವರ ಲೀಲೆ ಎಂದರೆ?

ಏಕೆ ನಡೆಯಿತೆಂಬುದಕ್ಕೆ ಅದು ಉತ್ತರವಾದೀತು, ಸರಿಯೇ ಎಂಬುದಕ್ಕಲ್ಲ. ಯುದ್ಧಕಾಂಡದಲ್ಲಿ ದೇವತೆಗಳು ಬಂದು ನೀನು ನಾರಾಯಣನೆಂದು ಸ್ತುತಿಸಲು ತೊಡಗುವಾಗ ರಾಮನು, ನಾನು ದಶರಥನ ಮಗನಾದ ಮನುಷ್ಯನೆಂದೇ ನನ್ನನ್ನು ತಿಳಿದಿದ್ದೇನೆ ಎನ್ನುತ್ತಾನೆ. ಅವನೇ ಹಾಗೆ ತಿಳಿದು ನಡೆದ ಬದುಕನ್ನು ಮನುಷ್ಯನ ಅಳತೆಯಿಂದ ನೋಡುವುದು ಅವನಿಗೆ ಮಾಡುವ ಅವಮಾನವಾಗದು.

ಪ್ರಶ್ನೆ: ಹಾಗಾದರೆ ರಾವಣ, ದುರ್ಯೋಧನರೇ ಒಳ್ಳೆಯವರು ಎಂದಾಯಿತೇ?

ಇತ್ತೀಚೆಗೆ ಯುವಕರಿಂದ ಹೆಚ್ಚಾಗಿ ಬರುವ ಪ್ರಶ್ನೆ ಇದು. ಕಾಲಗತಿಯಿಂದ ಕಡಲೂ ಒಮ್ಮೆ ಮೇರೆ ಮೀರದೇ ಎಂದು ನಾಗಚಂದ್ರನು ರಾವಣನ ಪತನವನ್ನು ಕುರಿತು ಮರುಗಿದನು. ರನ್ನನ ದುರ್ಯೋಧನನು ಯುದ್ಧಭೂಮಿಯಲ್ಲಿ ಬಿದ್ದ ಅಭಿಮನ್ಯುವನ್ನು ಕಂಡು ಕೈಮುಗಿಯುತ್ತಾನೆ. ಪಂಪನು ಭಾರತದಲ್ಲಿ ನೆನೆಯುವುದಾದರೆ ಕರ್ಣನನ್ನು ನೆನೆ ಎಂದನು. ನಮ್ಮ ಹಳಗನ್ನಡ ಕವಿಗಳು ಸೋತವರ ಬಗ್ಗೆ ಇಷ್ಟು ಉದಾರವಾಗಿದ್ದರೂ ಅವರಲ್ಲಿ ಯಾರೂ ಸೀತೆಯನ್ನು ಒಯ್ದದ್ದು ಸರಿ, ದ್ರೌಪದಿಯನ್ನು ಸಭೆಗೆ ಎಳೆದದ್ದು ಸರಿ ಎಂದು ಬರೆಯಲಿಲ್ಲ. ನಾಯಕನ ತಪ್ಪನ್ನು ಕಂಡ ಉತ್ಸಾಹದಲ್ಲಿ ಖಳನನ್ನು ಪೀಠಕ್ಕೇರಿಸುವುದು ಹಳೆಯ ಕುರುಡುತನದ ಇನ್ನೊಂದು ಮಗ್ಗುಲು. ಪೀಠದ ಮೇಲೆ ಯಾರನ್ನಾದರೂ ಕೂರಿಸಲೇಬೇಕೆಂಬ ಹಟ ಎರಡರಲ್ಲಿಯೂ ಇದೆ.

ಪ್ರಶ್ನೆ: ಬೇರೆ ಮತಗಳಲ್ಲಿ ಈ ತೊಡಕು ಇಲ್ಲವೇ?

ಇದೆ, ಮತ್ತು ಅವರು ಅದನ್ನು ಬಿಡಿಸುವ ಬಗೆಯಿಂದ ನಾವು ಕಲಿಯಬಹುದು. ಮಂಜೇಶ್ವರದಲ್ಲಿ ಕುಳಿತು ಕ್ರಿಸ್ತನ ಕೊನೆಯ ದಿನದ ಮೇಲೆ ಗೊಲ್ಗೊಥಾವನ್ನೂ ಬುದ್ಧನ ಕೊನೆಯ ದಿನದ ಮೇಲೆ ವೈಶಾಖಿಯನ್ನೂ ಬರೆದ ಗೋವಿಂದ ಪೈಗಳ (1883–1963) ನೆಲದಲ್ಲಿ ನೆರೆಯವರ ಗ್ರಂಥವನ್ನು ತೆರೆಯಲು ಸಂಕೋಚ ಪಡಬೇಕಾಗಿಲ್ಲ.

ಬೈಬಲಿನ ಸಮುವೇಲನ ಎರಡನೆಯ ಗ್ರಂಥದಲ್ಲಿ ದಾವೀದ ರಾಜನು ತನ್ನ ಸೈನಿಕ ಊರೀಯನ ಹೆಂಡತಿ ಬತ್ಷೆಬೆಯನ್ನು ಕರೆಸಿಕೊಂಡು, ಅವಳು ಗರ್ಭಿಣಿಯಾದಾಗ ಊರೀಯನನ್ನು ಯುದ್ಧದ ಮುಂಚೂಣಿಯಲ್ಲಿ ನಿಲ್ಲಿಸಿ ಸಾಯುವಂತೆ ಮಾಡುತ್ತಾನೆ. ಪ್ರವಾದಿ ನಾತಾನನು ಬಂದು ನೇರವಾಗಿ ಬೈಯುವುದಿಲ್ಲ. ಬಹಳ ಕುರಿಗಳಿದ್ದ ಸಿರಿವಂತನೊಬ್ಬನು ಬಡವನ ಒಂದೇ ಒಂದು ಸಾಕುಕುರಿಯನ್ನು ಕಿತ್ತುಕೊಂಡ ಕಥೆ ಹೇಳುತ್ತಾನೆ. ಸಿಟ್ಟಿಗೆದ್ದ ದಾವೀದನು ಅಂಥವನು ಸಾಯಬೇಕೆನ್ನುತ್ತಾನೆ. ‘ಆ ಮನುಷ್ಯನು ನೀನೇ’ ಎನ್ನುತ್ತಾನೆ ನಾತಾನ. ಅದೇ ದಾವೀದನ ಆಳ್ವಿಕೆಯನ್ನು ಮತ್ತೆ ಹೇಳುವ ಪೂರ್ವಕಾಲವೃತ್ತಾಂತ ಗ್ರಂಥದಲ್ಲಿ ಈ ಪ್ರಕರಣವೇ ಇಲ್ಲ. ಎರಡನ್ನೂ ಒಂದೇ ಪುಸ್ತಕದೊಳಗೆ ಉಳಿಸಿಕೊಂಡದ್ದು ಆ ಪರಂಪರೆಯ ದೊಡ್ಡತನ.

ಮುಸ್ಲಿಂ ನೆರೆಯವರೊಡನೆ ಮಾತಾಡುವಾಗ ಮಾತ್ರ ಇದನ್ನು ಹಾಗೆಯೇ ಎತ್ತಿಕೊಂಡು ಹೋಗಬೇಡಿರಿ. ಅವರಿಗೆ ದಾವೂದರು ಪ್ರವಾದಿ, ಪ್ರವಾದಿಗಳು ಪಾಪದಿಂದ ರಕ್ಷಿತರು. ಕುರ್‌ಆನಿನ ಸ್ವಾದ್ ಅಧ್ಯಾಯದಲ್ಲಿ ತೊಂಬತ್ತೊಂಬತ್ತು ಕುರಿಗಳಿರುವವನೂ ಒಂದೇ ಕುರಿಯಿರುವವನೂ ದಾವೂದರ ಬಳಿ ನ್ಯಾಯಕ್ಕೆ ಬರುತ್ತಾರೆ, ತಾನು ಪರೀಕ್ಷೆಗೆ ಒಳಗಾದೆನೆಂದು ಅವರು ಕ್ಷಮೆ ಬೇಡುತ್ತಾರೆ; ಆದರೆ ಬತ್ಷೆಬೆಯ ಕಥೆ ಅಲ್ಲಿಲ್ಲ.

ಪ್ರಶ್ನೆ: ಮಕ್ಕಳಿಗೆ ಇದನ್ನೆಲ್ಲ ಹೇಳಬೇಕೇ?

ಕೇಳಿದಾಗ ಹೇಳಬೇಕು, ಸುಳ್ಳು ಹೇಳಬಾರದು. ‘ದೊಡ್ಡವರು ಮಾಡಿದ್ದೆಲ್ಲ ಸರಿ’ ಎಂಬ ಉತ್ತರವನ್ನು ಒಪ್ಪಿಕೊಂಡ ಮಗು ಮುಂದೆ ಮನೆಯಲ್ಲಿಯೋ ಶಾಲೆಯಲ್ಲಿಯೋ ದೊಡ್ಡವರೊಬ್ಬರು ತಪ್ಪಾಗಿ ನಡೆದುಕೊಂಡಾಗಲೂ ಅದನ್ನೇ ನಂಬಿ ಬಾಯಿ ಮುಚ್ಚಿಕೊಳ್ಳುವ ಅಪಾಯವಿದೆ. ಇದನ್ನು ನಾನು ಬರಿಯ ತರ್ಕಕ್ಕಾಗಿ ಹೇಳುತ್ತಿಲ್ಲ. ನನ್ನ ಮೊಮ್ಮಗಳಿಗೆ ನಾನು ಕೊಟ್ಟ ಉತ್ತರ ಚಿಕ್ಕದು: ‘ಇಲ್ಲ, ಕೇಳಲಿಲ್ಲ. ಕೇಳಬೇಕಿತ್ತು. ಅದನ್ನೇ ಅವಳು ಸಭೆಯಲ್ಲಿ ಕೇಳಿದಳು.’ ಅವಳಿಗೆ ಅಷ್ಟು ಸಾಕಾಯಿತು, ಮುಂದಿನ ಕಥೆ ಬೇಕೆಂದಳು. ವರವಾಗಿ ದ್ರೌಪದಿಯು ಮೊದಲು ಧರ್ಮರಾಯನ ಬಿಡುಗಡೆಯನ್ನು, ಆಮೇಲೆ ಉಳಿದ ನಾಲ್ವರದನ್ನು ಕೇಳಿ, ಮೂರನೆಯ ವರವನ್ನು ಬೇಡವೆಂದದ್ದನ್ನು ಹೇಳಿದೆ.

ಪ್ರಶ್ನೆ: ಸ್ವತಃ ಓದಿ ನೋಡಬೇಕೆಂದಿದ್ದೇನೆ, ಎಲ್ಲಿಂದ ಆರಂಭಿಸಲಿ?

ಕಿಷ್ಕಿಂಧಾಕಾಂಡದಿಂದ ಆರಂಭಿಸಿರಿ, ಗದ್ಯಾನುವಾದವಾದರೂ ಆದೀತು. ಒಬ್ಬರೇ ಓದುವುದಕ್ಕಿಂತ ಮನೆಯಲ್ಲಿ ಇಬ್ಬರು ಮೂವರು ಕುಳಿತು, ಒಬ್ಬರು ಗಟ್ಟಿಯಾಗಿ ಓದಿದರೆ ಒಳ್ಳೆಯದು. 17ನೆಯ ಸರ್ಗವನ್ನು ಓದಿದ ದಿನ ಅಲ್ಲಿಗೇ ಪುಸ್ತಕ ಮುಚ್ಚಿರಿ. ವಾಲಿಯ ಮಾತು ಒಂದು ರಾತ್ರಿ ನಿಮ್ಮೊಡನೆ ಇರಲಿ. ರಾಮನ ಉತ್ತರವನ್ನು ಮರುದಿನ ತೆರೆಯಿರಿ.